ಬೀದಿಯ ನಿಂದೆ, ಸಭಾಂಗಣದ ದ್ವೇಷ: ಅಮೆರಿಕದ ನ್ಯಾಯಾಲಯದ ಮುಂದೆ ಎರಡು ಮಾತುಗಳು

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಮೊದಲನೆಯ ತಿದ್ದುಪಡಿಯು ಧರ್ಮಾಚರಣೆಯ ಸ್ವಾತಂತ್ರ್ಯವನ್ನೂ ವಾಕ್ ಸ್ವಾತಂತ್ರ್ಯವನ್ನೂ ಒಂದೇ ವಾಕ್ಯದಲ್ಲಿ ಹೇಳುತ್ತದೆ. ಆ ವಾಕ್ಯವು ಕಟ್ಟಿಹಾಕಿದ್ದು ಕೇಂದ್ರ ಶಾಸನಸಭೆಯಾದ ಕಾಂಗ್ರೆಸ್ಸನ್ನು ಮಾತ್ರ. ರಾಜ್ಯಗಳು ಅದರ ಹೊರಗಿದ್ದವು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸಭೆಗಳ ಪೋಷಣೆಗೆಂದು ತೆರಿಗೆ ಪಡೆಯುವ ಪದ್ಧತಿ 1833ರವರೆಗೂ ನಡೆದುಬಂದಿತು. ಕೇಂದ್ರದ ವಿಷಯದಲ್ಲಿಯೂ ರಕ್ಷಣೆ ಬಹುಕಾಲ ದುರ್ಬಲವಾಗಿಯೇ ಇತ್ತು. ನಾಟಕಶಾಲೆಯಲ್ಲಿ ಬೆಂಕಿಯೆಂದು ಸುಳ್ಳಾಗಿ ಕೂಗುವವನಿಗೆ ರಕ್ಷಣೆಯಿಲ್ಲವೆಂಬ ನ್ಯಾಯಮೂರ್ತಿ ಹೋಮ್ಸರ ಉಪಮೆಯನ್ನು ಇಂದು ಎಲ್ಲರೂ ಉದ್ಧರಿಸುತ್ತಾರೆ. ಅದು 1919ರಲ್ಲಿ, ಕಡ್ಡಾಯ ಸೇನಾಭರ್ತಿಯನ್ನು ವಿರೋಧಿಸಿ ಕರಪತ್ರ ಹಂಚಿದವನ ಶಿಕ್ಷೆಯನ್ನು ಎತ್ತಿಹಿಡಿಯುವಾಗ ಹುಟ್ಟಿದ ಮಾತೆಂಬುದನ್ನು ಮಾತ್ರ ಹೆಚ್ಚಿನವರು ಹೇಳುವುದಿಲ್ಲ.

ಈ ಸ್ವಾತಂತ್ರ್ಯದ ಇಂದಿನ ರೂಪವನ್ನು ತಿದ್ದಿದವರಲ್ಲಿ ಯೆಹೋವನ ಸಾಕ್ಷಿಗಳ ಪಾತ್ರ ದೊಡ್ಡದು. 1938ರ ಏಪ್ರಿಲ್ ತಿಂಗಳಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ ನಗರಕ್ಕೆ ನ್ಯೂಟನ್ ಕ್ಯಾಂಟ್‌ವೆಲ್ ಎಂಬಾತನು ತನ್ನ ಇಬ್ಬರು ಮಕ್ಕಳೊಡನೆ ಬಂದನು. ಅವರು ಆರಿಸಿಕೊಂಡ ಬೀದಿಯ ನಿವಾಸಿಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಜನ ಕಥೋಲಿಕರು. ಮಗ ಜೆಸ್ಸಿಯು ಇಬ್ಬರು ದಾರಿಹೋಕರನ್ನು ನಿಲ್ಲಿಸಿ, ಅವರ ಒಪ್ಪಿಗೆ ಪಡೆದು ಗ್ರಾಮಫೋನಿನಲ್ಲಿ ಒಂದು ಧ್ವನಿಮುದ್ರಿಕೆಯನ್ನು ಕೇಳಿಸಿದನು. ಅದು ಕಥೋಲಿಕ ಧರ್ಮಸಭೆಯ ಮೇಲಿನ ಕಟುವಾದ ನಿಂದೆಯಾಗಿತ್ತು. ಕೇಳಿದವರಿಬ್ಬರೂ ಕಥೋಲಿಕರೇ, ಅವರು ಕೆರಳಿದರು, ಹೊಡೆಯಬೇಕೆಂದೂ ಎನಿಸಿತು. ಹೊರಟುಹೋಗೆಂದಾಗ ಜೆಸ್ಸಿ ಹೊರಟುಹೋದನು. ನಡೆದದ್ದು ಇಷ್ಟೇ.

ಅವರ ಮೇಲೆ ಹೊರಿಸಿದ ಆರೋಪಗಳಲ್ಲಿ ಒಂದು ಶಾಂತಿಭಂಗ, ಇನ್ನೊಂದು ಪರವಾನಗಿಯಿಲ್ಲದೆ ದೇಣಿಗೆ ಎತ್ತಿದ್ದು. ಎರಡನೆಯದು ದೈವಶಾಸ್ತ್ರದ ವಿದ್ಯಾರ್ಥಿಗೆ ಹೆಚ್ಚು ಮುಖ್ಯವೆಂದು ನಾವು ತಿಳಿಯುತ್ತೇವೆ. ಏಕೆಂದರೆ ಆ ಕಾನೂನಿನಂತೆ ಯಾವುದು ನಿಜವಾದ ಧಾರ್ಮಿಕ ಕಾರ್ಯ, ಯಾವುದು ಅಲ್ಲ ಎಂಬುದನ್ನು ಸರ್ಕಾರದ ಒಬ್ಬ ಅಧಿಕಾರಿಯು ತೀರ್ಮಾನಿಸಿ ಪ್ರಮಾಣಪತ್ರ ಕೊಡಬೇಕಾಗಿತ್ತು. 1940ರ ಮೇ 20ರಂದು ಸರ್ವೋಚ್ಚ ನ್ಯಾಯಾಲಯವು ಒಮ್ಮತದಿಂದ ಎರಡೂ ಬಗೆಯ ಶಿಕ್ಷೆಗಳನ್ನು ತೆಗೆದುಹಾಕಿತು. ನಂಬುವ ಸ್ವಾತಂತ್ರ್ಯಕ್ಕೆ ಮಿತಿಯಿಲ್ಲ, ನಡೆಯುವ ಸ್ವಾತಂತ್ರ್ಯಕ್ಕೆ ಮಿತಿಯುಂಟು ಎಂದು ನ್ಯಾಯಮೂರ್ತಿ ಓವನ್ ರಾಬರ್ಟ್ಸ್ ವಿಭಾಗಿಸಿದರು. ಬೆದರಿಕೆಯಿಲ್ಲ, ಕೈಮಾಡಿದ್ದಿಲ್ಲ, ಎದುರಿಗಿದ್ದವರನ್ನು ವೈಯಕ್ತಿಕವಾಗಿ ಬೈದದ್ದೂ ಇಲ್ಲ. ಕೇಳಿದವರ ಕೋಪವೊಂದೇ ಅಪರಾಧವನ್ನು ಸಿದ್ಧಪಡಿಸದು ಎಂಬುದು ತೀರ್ಪಿನ ತಿರುಳು.

ಎದುರಿಗಿದ್ದವನನ್ನೇ ಬೈದರೆ? ಎರಡು ವರ್ಷಗಳಾಗುವಷ್ಟರಲ್ಲಿ ಆ ಪ್ರಶ್ನೆಯೂ ಬಂದಿತು. ವಾಲ್ಟರ್ ಚಾಪ್ಲಿನ್ಸ್ಕಿ ಎಂಬ ಮತ್ತೊಬ್ಬ ಸಾಕ್ಷಿಯು ನಗರದ ಮಾರ್ಷಲನನ್ನು ಮುಖದ ಮುಂದೆಯೇ ಫ್ಯಾಸಿಸ್ಟ್ ಎಂದು ಶಪಿಸಿದ್ದನು. ಜಗಳಕ್ಕೆ ಕರೆಯುವ ಬೈಗುಳಕ್ಕೆ ರಕ್ಷಣೆಯಿಲ್ಲವೆಂದು 1942ರಲ್ಲಿ ಅವನ ಶಿಕ್ಷೆಯನ್ನು ಎತ್ತಿಹಿಡಿದ ತೀರ್ಪನ್ನು ಬರೆದವರು ಫ್ರಾಂಕ್ ಮರ್ಫಿ. ಅವರು ಕಥೋಲಿಕರು; ಸಾಕ್ಷಿಗಳ ಹಕ್ಕುಗಳಿಗಾಗಿ ಆ ಪೀಠದಲ್ಲಿ ಅವರಷ್ಟು ನಿಂತವರು ವಿರಳ.

ಇಲ್ಲಿಯವರೆಗೆ ಕಥೋಲಿಕರು ನಿಂದೆಗೊಳಗಾದವರು. 1946ರ ಫೆಬ್ರವರಿ 7ರಂದು ಷಿಕಾಗೋದಲ್ಲಿ ಪಾತ್ರಗಳು ಅದಲುಬದಲಾದವು. ಆರ್ಥರ್ ಟರ್ಮಿನಿಯೆಲ್ಲೋ ಎಂಬ ಕಥೋಲಿಕ ಗುರುವು ಎಂಟುನೂರಕ್ಕೂ ಹೆಚ್ಚು ಜನ ಸೇರಿದ್ದ ಸಭಾಂಗಣದಲ್ಲಿ ಯೆಹೂದ್ಯರ ವಿರುದ್ಧ ದ್ವೇಷದ ಭಾಷಣ ಮಾಡಿದನು. ಹೊರಗೆ ಅದಕ್ಕಿಂತ ದೊಡ್ಡದೊಂದು ಜನಸಂದಣಿ ಪ್ರತಿಭಟಿಸುತ್ತಿತ್ತು. ಕಲ್ಲುಗಳು ಹಾರಿದವು, ಕಿಟಕಿಗಳು ಒಡೆದವು. ಅವನಿಗೆ ಬಿದ್ದದ್ದು ನೂರು ಡಾಲರುಗಳ ದಂಡ. 1949ರಲ್ಲಿ ಸರ್ವೋಚ್ಚ ನ್ಯಾಯಾಲಯವು ಐದು ನಾಲ್ಕರ ಬಹುಮತದಿಂದ ಆ ದಂಡವನ್ನೂ ತೆಗೆದುಹಾಕಿತು. ಕೋಪ ಬರಿಸುವ, ವಿವಾದ ಎಬ್ಬಿಸುವ ಮಾತೂ ಶಾಂತಿಭಂಗವೇ ಎಂದು ವಿಚಾರಣಾ ನ್ಯಾಯಾಧೀಶರು ಜ್ಯೂರಿಗೆ ಹೇಳಿದ್ದರು. ವಿವಾದವನ್ನು ಎಬ್ಬಿಸುವುದೇ ವಾಕ್ ಸ್ವಾತಂತ್ರ್ಯದ ಒಂದು ಕೆಲಸವೆಂದು ನ್ಯಾಯಮೂರ್ತಿ ಡಗ್ಲಸ್ ಉತ್ತರಿಸಿದರು. ಭಿನ್ನಮತದ ತೀರ್ಪು ಬರೆದ ರಾಬರ್ಟ್ ಜಾಕ್ಸನ್, ಆ ಭಾಷಣ ನಡೆದ ದಿನಗಳಲ್ಲಿ ನ್ಯೂರೆಂಬರ್ಗಿನಲ್ಲಿ ನಾಜಿ ನಾಯಕರ ವಿರುದ್ಧ ಅಮೆರಿಕದ ಮುಖ್ಯ ಅಭಿಯೋಜಕರಾಗಿದ್ದವರು. ಬೀದಿಗಳನ್ನು ಗೆದ್ದವರು ಮುಂದೆ ಏನು ಮಾಡುತ್ತಾರೆಂಬುದನ್ನು ಕಡತಗಳಲ್ಲಿ ಓದಿ ಬಂದಿದ್ದ ಅವರ ಎಚ್ಚರಿಕೆಯನ್ನು ನಾವು ಹಗುರವಾಗಿ ಕಾಣಲಾರೆವು. 1969ರಲ್ಲಿ ಕೂ ಕ್ಲಕ್ಸ್ ಕ್ಲಾನಿನ ನಾಯಕನೊಬ್ಬನ ಪ್ರಕರಣದಲ್ಲಿ ನ್ಯಾಯಾಲಯವು ಗೆರೆಯನ್ನು ಇನ್ನೂ ಮುಂದಕ್ಕೆ ಎಳೆಯಿತು: ತತ್‌ಕ್ಷಣದ ಕಾನೂನುಭಂಗವನ್ನು ಉದ್ದೇಶಿಸಿದ, ಅದು ನಡೆಯುವ ಸಂಭವವೂ ಇರುವ ಪ್ರಚೋದನೆಯನ್ನಷ್ಟೇ ದಂಡಿಸಬಹುದು.

ಟರ್ಮಿನಿಯೆಲ್ಲೋವಿನ ವಿಷಯದಲ್ಲಿ ಒಂದು ಸಂಗತಿಯನ್ನು ಕಾನೂನಿನ ಪುಸ್ತಕಗಳು ಅಡಿಟಿಪ್ಪಣಿಯಂತೆ ದಾಟಿಬಿಡುತ್ತವೆ. ಅವನು ಆಗಲೇ ತನ್ನ ಧರ್ಮಾಧ್ಯಕ್ಷರಿಂದ ಅಮಾನತುಗೊಂಡಿದ್ದ ಗುರು. ರಾಜ್ಯವು ದಂಡಿಸಲಾರದವನನ್ನು ಧರ್ಮಸಭೆಯು ಶಿಸ್ತಿಗೆ ಒಳಪಡಿಸಬಹುದಾಗಿತ್ತು. ಈ ಎರಡು ಅಧಿಕಾರಗಳ ನಡುವಣ ಅಂತರವು ನಮ್ಮ ಪರಂಪರೆಗೆ ಸುಲಭವಾಗಿ ದಕ್ಕಿದ್ದಲ್ಲ. ಜಗದ್ಗುರು ಹದಿನಾರನೆಯ ಗ್ರೆಗೊರಿಯವರು 1832ರಲ್ಲಿ ಮುದ್ರಣ ಸ್ವಾತಂತ್ರ್ಯವನ್ನು ಖಂಡಿಸಿದ್ದರು. ಸುಳ್ಳಿಗೆ ಹಕ್ಕಿಲ್ಲವೆಂಬ ವಾದವು ಇಪ್ಪತ್ತನೆಯ ಶತಮಾನದ ನಡುವಿನವರೆಗೂ ನಮ್ಮ ಸೆಮಿನರಿಗಳ ಪಾಠವಾಗಿತ್ತು. ಅದನ್ನು ಪ್ರಶ್ನಿಸಿದ ಅಮೆರಿಕದ ಯೇಸುಸಭೆಯ ಗುರು ಜಾನ್ ಕರ್ಟ್ನಿ ಮರ್ರಿಯವರು 1950ರ ದಶಕದಲ್ಲಿ ಆ ವಿಷಯದ ಬರವಣಿಗೆಯನ್ನು ನಿಲ್ಲಿಸಬೇಕಾಯಿತು; 1963ರಲ್ಲಿ ಅವರೇ ವ್ಯಾಟಿಕನ್ ಮಹಾಸಭೆಗೆ ತಜ್ಞರಾಗಿ ಹೋದರು. 1965ರ ಡಿಸೆಂಬರ್ 7ರ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯು ಹಕ್ಕನ್ನು ಸತ್ಯಕ್ಕಲ್ಲ, ಸತ್ಯವನ್ನು ಅರಸಬೇಕಾದ ವ್ಯಕ್ತಿಗೆ ಕೊಟ್ಟಿತು. ಅರಸದವನಿಂದಲೂ ಅದನ್ನು ಕಿತ್ತುಕೊಳ್ಳಲಿಲ್ಲ. ಮಿತಿಯಾಗಿ ಉಳಿದದ್ದು ನ್ಯಾಯಯುತವಾದ ಸಾರ್ವಜನಿಕ ಸುವ್ಯವಸ್ಥೆ.

ನಮ್ಮ ದೇಶದ ಕಾನೂನು ಬೇರೆ ದಾರಿ ಹಿಡಿದಿದೆ. 1927ರಲ್ಲಿ ದಂಡಸಂಹಿತೆಗೆ ಸೇರಿದ 295ಎ ಕಲಮು, ಈಗ ಭಾರತೀಯ ನ್ಯಾಯ ಸಂಹಿತೆಯ 299ನೆಯದು, ಧಾರ್ಮಿಕ ಭಾವನೆಗಳನ್ನು ದುರುದ್ದೇಶದಿಂದ ಕೆರಳಿಸುವ ಮಾತನ್ನು ದಂಡಿಸುತ್ತದೆ. 1957ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯುವಾಗ, ಪ್ರತಿಯೊಂದು ನಿಂದೆಯೂ ಅದರಡಿ ಬಾರದು, ಬೇಕೆಂದೇ ದುರುದ್ದೇಶದಿಂದ ಮಾಡಿದ ಉಗ್ರ ನಿಂದೆ ಮಾತ್ರ ಬರುತ್ತದೆ ಎಂದಿತು. ಕ್ಯಾಂಟ್‌ವೆಲ್ಲನ ಧ್ವನಿಮುದ್ರಿಕೆಯು ಈ ಅಳತೆಗೆ ಸಿಗುತ್ತಿತ್ತೇ ಎಂಬುದನ್ನು ತರಗತಿಯಲ್ಲಿ ಚರ್ಚೆಗಿಟ್ಟಾಗ ವಿದ್ಯಾರ್ಥಿಗಳು ಬಹುತೇಕ ಬೀದಿಯ ಆ ಇಬ್ಬರು ಕಥೋಲಿಕರ ಪಕ್ಷ ವಹಿಸುತ್ತಾರೆ. ಮನೆಮನೆಗೆ ಶುಭಸಂದೇಶ ಸಾರಿದ್ದಕ್ಕೆ ಠಾಣೆಗೆ ಹೋಗಿಬಂದ ಬಂಧುಗಳಿರುವವರು ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ಜೆಸ್ಸಿಯ ಪರವಾಗಿ ಮಾತಾಡುತ್ತಾರೆ.