ಮಧುಗಿರಿ ಬೆಟ್ಟ

ಮಧುಗಿರಿ ಬೆಟ್ಟವು ತುಮಕೂರು ಜಿಲ್ಲೆಯ ಮಧುಗಿರಿ ಪಟ್ಟಣಕ್ಕೆ ಹೊಂದಿಕೊಂಡಿರುವ ಏಕಶಿಲಾ ಬೆಟ್ಟ. ಸಮುದ್ರಮಟ್ಟದಿಂದ ಇದರ ಎತ್ತರ ಸುಮಾರು 3,930 ಅಡಿ. ಚಾರಣಕ್ಕೆಂದು ಬರುವ ಪ್ರವಾಸಿಗರು ಸಾಮಾನ್ಯವಾಗಿ ನೇರವಾಗಿ ಬೆಟ್ಟವೇರಿಬಿಡುತ್ತಾರೆ. ಆದರೆ ಪಟ್ಟಣದಲ್ಲಿ ಅಕ್ಕಪಕ್ಕದಲ್ಲಿಯೇ ನಿಂತಿರುವ ವೆಂಕಟರಮಣಸ್ವಾಮಿ ಮತ್ತು ಮಲ್ಲೇಶ್ವರಸ್ವಾಮಿ ದೇವಾಲಯಗಳು ಹಾಗೂ ದಂಡಿನ ಮಾರಮ್ಮನ ಗುಡಿಯನ್ನು ನೋಡದೆ ಮಧುಗಿರಿಯನ್ನು ನೋಡಿದಂತಾಗದು.

== ಆರೋಹಣ ==
ಕೆಳಭಾಗದಲ್ಲಿ ಮೆಟ್ಟಿಲುಗಳೂ ಕೋಟೆಯ ಬಾಗಿಲುಗಳೂ ಇವೆ. ಮೇಲೇರಿದಂತೆ ಇಳಿಜಾರು ಕಡಿದಾಗುತ್ತದೆ. ಬಂಡೆಯಲ್ಲಿ ಕೊರೆದ ಹೆಜ್ಜೆಗುಳಿಗಳೇ ಅಲ್ಲಿ ಆಧಾರ. ಮಳೆ ಬಂದರೆ ಬಂಡೆ ಜಾರುತ್ತದೆ, ಬೇಸಿಗೆಯಲ್ಲಿ ಕಾದು ಸುಡುತ್ತದೆ. ಆದ್ದರಿಂದ ಕುಡಿಯುವ ನೀರಿನೊಂದಿಗೆ ಬೆಳಗ್ಗೆ ಬೇಗನೆ ಹತ್ತುವುದು ಒಳಿತು. ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಎಚ್ಚರ ಬೇಡುತ್ತದೆ. ತುದಿಯಲ್ಲಿ ಗೋಪಾಲಕೃಷ್ಣ ದೇವಾಲಯದ ಅವಶೇಷಗಳಿವೆ.

== ಇತಿಹಾಸ ==
ಸ್ಥಳೀಯ ಪಾಳೆಯಗಾರರು ಕಟ್ಟಿದ ಮಣ್ಣಿನ ಕೋಟೆಯನ್ನು ಹೈದರ್ ಅಲಿಯು ಕಲ್ಲಿನಿಂದ ಬಲಪಡಿಸಿದನು. 1763ರಲ್ಲಿ ಬಿದನೂರನ್ನು ಗೆದ್ದ ಬಳಿಕ ಅವನು ಕೆಳದಿಯ ರಾಣಿ ವೀರಮ್ಮಾಜಿಯನ್ನು ಇಲ್ಲಿಯೇ ಸೆರೆಯಲ್ಲಿಟ್ಟಿದ್ದನು. ಜಾರುವ ಈ ಬಂಡೆಯನ್ನು ಹತ್ತಿದವರಿಗೆ, ಇಂತಹ ಕೋಟೆಯನ್ನು ಸೆರೆಮನೆಯಾಗಿ ಆರಿಸಿದ್ದೇಕೆಂದು ಪ್ರತ್ಯೇಕವಾಗಿ ವಿವರಿಸಬೇಕಾಗಿಲ್ಲ. 1767ರಲ್ಲಿ ಕೋಟೆಯನ್ನು ವಶಪಡಿಸಿಕೊಂಡ ಪೇಶ್ವೆ ಮಾಧವರಾಯನು ರಾಣಿಯನ್ನು ಬಿಡುಗಡೆ ಮಾಡಿದನು. ಪುಣೆಗೆ ಹೋಗುವ ದಾರಿಯಲ್ಲಿ ಆಕೆ ಮರಣ ಹೊಂದಿದಳು.