ಹಳೆಯ ಕಂಪ್ಯೂಟರನ್ನು ಹೊಸ ಟಿವಿಗೆ ಜೋಡಿಸಲು ಬರೀ ಕೇಬಲ್ ಸಾಕೇ?

ಒಂದು ತುದಿಯಲ್ಲಿ ಎಚ್‌ಡಿಎಂಐ, ಇನ್ನೊಂದು ತುದಿಯಲ್ಲಿ ಹಳದಿ-ಕೆಂಪು-ಬಿಳಿ ಪಿನ್ ಇರುವ ಕೇಬಲ್ ಕೊಂಡರೆ 1982ರ ಕಮೊಡೋರ್ 64 ಕಂಪ್ಯೂಟರ್ ಕೂಡ ಇಂದಿನ ಟಿವಿಯಲ್ಲಿ ಕಾಣಿಸುತ್ತದೆ ಎಂದು ಹಲವರು ನಂಬಿದ್ದಾರೆ. ಇದು ತಪ್ಪು.

ಕಾರಣ ಸರಳ. ಕಮೊಡೋರ್ ಕಳಿಸುವುದು ಅನಲಾಗ್ ಸಿಗ್ನಲ್, ಎಚ್‌ಡಿಎಂಐಗೆ ಬೇಕಿರುವುದು ಡಿಜಿಟಲ್. ಬರೀ ತಂತಿ ಇದನ್ನು ಅದಾಗಿ ಬದಲಿಸಲಾರದು. ಅದಕ್ಕೆ ಒಳಗೆ ಚಿಪ್ ಇರುವ, ತನಗೇ ಕರೆಂಟ್ ಬೇಕಾಗುವ ಕನ್ವರ್ಟರ್ ಇರಬೇಕು.

ಕೊಳ್ಳುವ ಮುನ್ನ ನಿಮ್ಮ ಟಿವಿಯ ಹಿಂಬದಿ ನೋಡಿ. ಎವಿ ಇನ್‌ಪುಟ್ ಇದ್ದರೆ ಸಾಮಾನ್ಯವಾಗಿ ಕನ್ವರ್ಟರ್ ಬೇಡ. ಕಮೊಡೋರ್‌ನ ದುಂಡನೆಯ ವಿಡಿಯೊ ಪೋರ್ಟ್‌ಗೆ ಹೊಂದುವ ಎವಿ ಕೇಬಲ್ ಸಾಕು. ಎಸ್-ವಿಡಿಯೊ ಸೌಲಭ್ಯವಿದ್ದರೆ ಇನ್ನೂ ಒಳ್ಳೆಯದು. ಬಣ್ಣ ಮತ್ತು ಬೆಳಕು ಬೇರೆ ಬೇರೆ ತಂತಿಯಲ್ಲಿ ಬರುವುದರಿಂದ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ.

ಆದರೆ ಕೇಬಲ್‌ಗಿಂತ ಮೊದಲು ಯೋಚಿಸಬೇಕಾದದ್ದು ಪವರ್ ಅಡಾಪ್ಟರ್. ಕಮೊಡೋರ್‌ನ ಹಳೆಯ ಅಡಾಪ್ಟರ್ ಕೆಟ್ಟರೆ 5 ವೋಲ್ಟ್ ಬರಬೇಕಾದ ತಂತಿಯಲ್ಲಿ ಹೆಚ್ಚು ವೋಲ್ಟೇಜ್ ಹರಿದು ಮೆಮೊರಿ ಚಿಪ್‌ಗಳು ಸುಟ್ಟುಹೋಗಬಹುದು. ಆಗ ಟಿವಿಯಲ್ಲಿ ಏನೂ ಕಾಣದು. ನಾವು ಕೇಬಲ್ ಬದಲಿಸುತ್ತಾ ಕೂರುತ್ತೇವೆ. ಅಟ್ಟದಿಂದ ಇಳಿಸಿದ ಕೂಡಲೇ ಸ್ವಿಚ್ ಹಾಕಬೇಡಿ. ಕಮೊಡೋರ್‌ಗೆಂದೇ ತಯಾರಾದ ಹೊಸ ಅಡಾಪ್ಟರ್ ಬಳಸಿ.