ಕಳಿಸಿದ್ದು ತಲುಪಿತಾ? ಹಳೇ ಯುನಿಕ್ಸ್‌ನಲ್ಲಿ ರಾತ್ರಿ ಹೊತ್ತು ಓಡಾಡಿದ ಫೈಲುಗಳ ಕಥೆ

ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಹಾಕಿದೀನಿ. ಕಮಾಂಡುಗಳನ್ನ ಬಾಯಲ್ಲಿ ಹೇಳಿದ ಹಾಗೇ ಬರೆದಿದೀನಿ.

ಮೊದಲು ನನ್ನ ಒಂದು ಎಡವಟ್ಟು ಹೇಳ್ತೀನಿ. 1998ರಲ್ಲಿ ನಾನು ಹುಬ್ಬಳ್ಳಿ ಬಿಟ್ಟು ಹಜೀರಾಕ್ಕೆ ಹೋಗಿದ್ದೆ. ಹಜೀರಾ ಅಂದ್ರೆ ಸೂರತ್ ಪಕ್ಕ, ತಾಪಿ ನದಿ ಸಮುದ್ರ ಸೇರೋ ಜಾಗ. ಮುಂಬೈ ಕಡಲಿನ ಗ್ಯಾಸ್ ಅಲ್ಲೇ ದಡಕ್ಕೆ ಬರುತ್ತೆ. ಅಲ್ಲಿಂದ ಮಧ್ಯಪ್ರದೇಶದ ವಿಜಯಪುರ, ಉತ್ತರಪ್ರದೇಶದ ಜಗದೀಶ್‌ಪುರದವರೆಗೆ ಪೈಪ್‌ಲೈನ್ ಹೋಗಿದೆ. ಆ ಗ್ಯಾಸು, ಆ ಬಂದರು ನಂಬಿಕೊಂಡು ಸುತ್ತಮುತ್ತ ದೊಡ್ಡ ದೊಡ್ಡ ಕಾರ್ಖಾನೆಗಳು ಎದ್ದವು. ಅಂಥ ಒಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ನನಗೆ ಕೆಲಸ. ಹೆಸರು ಬೇಡ, ಯಾಕಂದ್ರೆ ತಪ್ಪು ನನ್ನದೇ.

ಗೇಟಿನ ಹತ್ತಿರ ವೇಬ್ರಿಡ್ಜ್ ಇತ್ತು. ದಿನಾ ಹೊರಗೆ ಹೋಗೋ ಲಾರಿಗಳ ತೂಕ ಅಲ್ಲಿ ಒಂದು ಫೈಲಿಗೆ ಬೀಳ್ತಿತ್ತು. ರಾತ್ರಿ ಒಂದು ಗಂಟೆಗೆ ನಮ್ಮ ಎಸ್‌ಸಿಒ ಯುನಿಕ್ಸ್ ಮಷೀನ್ ಆ ಫೈಲನ್ನ ಲೀಸ್ಡ್ ಲೈನ್ ಮೇಲೆ ಮುಂಬೈ ಹೆಡ್ ಆಫೀಸಿಗೆ ಕಳಿಸಬೇಕು. ಲಾರಿ ಬಾಡಿಗೆ ಬಿಲ್ ಪಾಸಾಗೋದು ಅದರ ಮೇಲೆ. ನಾನು ಬರೆದ ಸ್ಕ್ರಿಪ್ಟ್ ಹತ್ತು ಸಾಲಿನದು: ಎಫ್‌ಟಿಪಿ ಕರೆ, ಲಾಗಿನ್, ಪುಟ್, ಬೈ. ಎಫ್‌ಟಿಪಿ ಸೊನ್ನೆ ವಾಪಸ್ ಕೊಟ್ಟರೆ ಎಲ್ಲಾ ಸರಿಯಾಯ್ತು ಅಂತ ಅರ್ಥ ಮಾಡ್ಕೊಂಡು, ನಮ್ಮ ಕಡೆಯ ಫೈಲ್ ಅಳಿಸಿಬಿಡು. ಆಗ ಡಿಸ್ಕ್ ಜಾಗ ಅಂದ್ರೆ ಚಿನ್ನ ಇದ್ದ ಹಾಗೆ.

ಒಂದು ದಿನ ಟ್ರಾನ್ಸ್‌ಪೋರ್ಟಿನವರು ಬಾಗಿಲಿಗೆ ಬಂದು ನಿಂತರು: ಒಂಬತ್ತು ದಿನದ ಬಿಲ್ ಇಲ್ಲ, ಡ್ರೈವರ್‌ಗಳಿಗೆ ಭತ್ಯೆ ಎಲ್ಲಿಂದ ಕೊಡೋದು? ಮುಂಬೈ ಮಷೀನಲ್ಲಿ ನೋಡಿದ್ರೆ ಒಂಬತ್ತೂ ಫೈಲ್ ಇದ್ದವು. ಹೆಸರು ಸರಿ, ತಾರೀಖು ಸರಿ, ಅಳತೆ ಮಾತ್ರ ಸೊನ್ನೆ ಬೈಟ್. ಅಲ್ಲಿನ ಡಿಸ್ಕ್ ತುಂಬಿಹೋಗಿತ್ತು. ಎಫ್‌ಟಿಪಿ ಒಂಬತ್ತು ರಾತ್ರಿಯೂ ನನ್ನ ಸ್ಕ್ರಿಪ್ಟಿಗೆ ಸೊನ್ನೆಯನ್ನೇ ಕೊಟ್ಟಿತ್ತು. ಸ್ಕ್ರಿಪ್ಟ್ ಒಂಬತ್ತು ರಾತ್ರಿಯೂ ಅಸಲು ಫೈಲನ್ನ ಅಳಿಸಿತ್ತು. ವೇಬ್ರಿಡ್ಜ್ ಕಾಕಾ ಕಾರ್ಬನ್ ಪ್ರತಿಗಳನ್ನ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದರು. ಅವನ್ನ ನೋಡಿ ನಾವು ಮೂರು ಜನ ಮೂರು ದಿನ ಕೂತು ಟೈಪ್ ಮಾಡಿದ್ವಿ.

ಈಗ ಪ್ರಶ್ನೆ: ಕೆಲಸ ಕೆಟ್ಟಿದ್ರೂ ಎಫ್‌ಟಿಪಿ ಯಾಕೆ ಸೊನ್ನೆ ಕೊಡ್ತು? ಇದಕ್ಕೆ ಇತಿಹಾಸದಲ್ಲೇ ಉತ್ತರ ಇದೆ.

ಎಫ್‌ಟಿಪಿಯ ಮೊದಲ ರೂಪ ಬರೆದವರು ನಮ್ಮ ದೇಶದವರೇ, ಅಭಯ್ ಭೂಷಣ್. ಐಐಟಿ ಕಾನ್ಪುರದ ಮೊದಲ ಬ್ಯಾಚು. ಎಂಐಟಿಯಲ್ಲಿದ್ದಾಗ 1971ರ ಏಪ್ರಿಲ್‌ನಲ್ಲಿ ಅವರು ಆರ್‌ಎಫ್‌ಸಿ 114 ಬರೆದರು. ಆಗಿನ್ನೂ ಅರ್ಪಾನೆಟ್ ಮೇಲೆ ಟಿಸಿಪಿ/ಐಪಿ ಇರಲಿಲ್ಲ, ಅದು ಬಂದಿದ್ದು 1983ರ ಜನವರಿ 1ಕ್ಕೆ. ನಾವು ಬಳಸಿದ ಎಫ್‌ಟಿಪಿಯ ನಿಯಮಗಳು ಗಟ್ಟಿಯಾಗಿದ್ದು 1985ರ ಆರ್‌ಎಫ್‌ಸಿ 959ರಲ್ಲಿ, ಜಾನ್ ಪೋಸ್ಟೆಲ್ ಮತ್ತು ಜಾಯ್ಸ್ ರೆನಾಲ್ಡ್ಸ್ ಕೈಯಲ್ಲಿ.

ಅದರಲ್ಲಿ ಸರ್ವರ್ ಕೊಡೋ ಪ್ರತಿ ಉತ್ತರಕ್ಕೂ ಮೂರು ಅಂಕಿಯ ಸಂಖ್ಯೆ ಇದೆ. 230 ಅಂದ್ರೆ ಲಾಗಿನ್ ಆಯ್ತು, 226 ಅಂದ್ರೆ ವರ್ಗಾವಣೆ ಮುಗೀತು, 452 ಅಂದ್ರೆ ಜಾಗ ಸಾಲದು. ಸಂಖ್ಯೆ ಇರೋದು ಯಂತ್ರಕ್ಕೆ, ಪಕ್ಕದ ಇಂಗ್ಲಿಷ್ ವಾಕ್ಯ ಇರೋದು ಮನುಷ್ಯನಿಗೆ ಅಂತ ಆ ದಾಖಲೆಯಲ್ಲೇ ಸ್ಪಷ್ಟವಾಗಿದೆ. ಅಂದ್ರೆ ಯಂತ್ರ ಯಂತ್ರದ ಜೊತೆ ಮಾತಾಡುತ್ತೆ ಅನ್ನೋದು ನಿಯಮ ಬರೆದವರಿಗೆ ಗೊತ್ತಿತ್ತು. ಎಡವಟ್ಟಾಗಿದ್ದು ನಿಯಮದಲ್ಲಲ್ಲ, ನಮ್ಮ ಕಡೆಯ ಎಫ್‌ಟಿಪಿ ಪ್ರೋಗ್ರಾಮಿನಲ್ಲಿ.

ಬರ್ಕ್ಲಿ ಯುನಿಕ್ಸ್ 4.2 ಬಂದಿದ್ದು 1983ರಲ್ಲಿ. ಅದರ ಎಫ್‌ಟಿಪಿ ಪ್ರೋಗ್ರಾಂ ಮಾಡಿದ್ದೇ ಕೀಬೋರ್ಡ್ ಮುಂದೆ ಕೂತ ಮನುಷ್ಯನಿಗೆ. ಸಂದೇಶ ತೆರೆ ಮೇಲೆ ಬರುತ್ತೆ, ಓದ್ತಾನೆ, ತಪ್ಪಾದ್ರೆ ಇನ್ನೊಮ್ಮೆ ಹೊಡೀತಾನೆ, ಕೊನೆಗೆ ಬೈ ಅಂತಾನೆ. ಬೈ ಅಂದಿದ್ದು ಸರಿಯಾಗಿ ನಡೀತು, ಅದಕ್ಕೇ ಸೊನ್ನೆ. ಮಧ್ಯದಲ್ಲಿ ಏನು ಕೆಟ್ಟಿತು ಅನ್ನೋದು ಆ ಸೊನ್ನೆಯಲ್ಲಿ ಇರೋದೇ ಇಲ್ಲ. ಸರ್ವರ್ ಜಾಗ ಇಲ್ಲ ಅಂತ ಹೇಳಿತ್ತು. ರಾತ್ರಿ ಒಂದು ಗಂಟೆಗೆ ಕೇಳೋಕೆ ಯಾರೂ ಇರಲಿಲ್ಲ, ಅಷ್ಟೇ.

ಈ ಪ್ರೋಗ್ರಾಮನ್ನ ಸ್ಕ್ರಿಪ್ಟಿಗೆ ಒಗ್ಗಿಸೋಕೆ ನಾವೆಲ್ಲ ಎಷ್ಟು ಸರ್ಕಸ್ ಮಾಡಿದೀವಿ! ಪಾಸ್‌ವರ್ಡನ್ನ ಅದು ನೇರ ಟರ್ಮಿನಲ್‌ನಿಂದ ಕೇಳುತ್ತೆ, ಸ್ಕ್ರಿಪ್ಟಿನಿಂದ ತಗೊಳ್ಳಲ್ಲ. ಹಾಗಾಗಿ ಎಫ್‌ಟಿಪಿ ಮೈನಸ್ ಎನ್ ಅಂತ ಕರೆದು, ಯೂಸರ್ ಕಮಾಂಡಿನ ಸಾಲಲ್ಲೇ ಪಾಸ್‌ವರ್ಡ್ ಬರೀತಿದ್ವಿ. ಇಲ್ಲಾಂದ್ರೆ ಹೋಮ್ ಡೈರೆಕ್ಟರಿಯಲ್ಲಿ ಡಾಟ್ ನೆಟ್‌ಆರ್‌ಸಿ ಅನ್ನೋ ಫೈಲು. ಅದನ್ನ ಬೇರೆಯವರು ಓದೋ ಹಾಗಿದ್ರೆ ಎಫ್‌ಟಿಪಿ ಒಪ್ಪುತ್ತಿರಲಿಲ್ಲ, ಪರ್ಮಿಷನ್ 600 ಇರಬೇಕು. ಬೈನರಿ ಅಂತ ಹೇಳೋದು ಮರೆತರೆ ಎಷ್ಟೋ ಕಡೆ ಆಸ್ಕಿ ಮೋಡಲ್ಲಿ ಹೋಗಿ ಕಂಪ್ರೆಸ್ ಮಾಡಿದ ಫೈಲು ಹಾಳು. 1990ರಲ್ಲಿ ಅಮೆರಿಕದ ಎನ್‌ಐಎಸ್‌ಟಿಯ ಡಾನ್ ಲೈಬ್ಸ್ ಎಕ್ಸ್‌ಪೆಕ್ಟ್ ಅನ್ನೋ ಟೂಲ್ ಕೊಟ್ಟರು. ಮನುಷ್ಯನ ಹಾಗೇ ತೆರೆ ಓದಿ ಉತ್ತರ ಟೈಪ್ ಮಾಡೋ ಪ್ರೋಗ್ರಾಂ ಅದು. ಯೋಚನೆ ಮಾಡಿ: ಒಂದು ಯಂತ್ರ ಇನ್ನೊಂದು ಯಂತ್ರದ ಜೊತೆ ಮಾತಾಡೋಕೆ ಮನುಷ್ಯನ ವೇಷ ಹಾಕಬೇಕಾಯ್ತು.

ಮಜಾ ಏನಂದ್ರೆ, ಮನುಷ್ಯ ಪಕ್ಕದಲ್ಲಿ ಇರಲ್ಲ ಅಂತಲೇ ಅಂದ್ಕೊಂಡು ಮಾಡಿದ ಏರ್ಪಾಡು ಅದಕ್ಕೂ ಮೊದಲೇ ಇತ್ತು. ಬೆಲ್ ಲ್ಯಾಬ್ಸ್‌ನ ಮೈಕ್ ಲೆಸ್ಕ್ 1970ರ ದಶಕದಲ್ಲಿ ಮಾಡಿದ ಯುಯುಸಿಪಿ. 1979ರ ಏಳನೇ ಆವೃತ್ತಿಯ ಯುನಿಕ್ಸ್ ಜೊತೆ ಅದು ಹೊರಗೆ ಬಂತು. ಕೆಲಸವನ್ನ ಸ್ಪೂಲ್ ಡೈರೆಕ್ಟರಿಯಲ್ಲಿ ಸಾಲಾಗಿ ಇಡುತ್ತೆ. ರಾತ್ರಿ ಫೋನ್ ದರ ಕಡಿಮೆ ಇದ್ದಾಗ ಮೋಡೆಮ್‌ನಿಂದ ಡಯಲ್ ಮಾಡುತ್ತೆ. ಪ್ರತಿ ಪ್ಯಾಕೆಟ್ಟಿಗೂ ಚೆಕ್‌ಸಮ್ ನೋಡುತ್ತೆ. ಲೈನ್ ಕಡಿದ್ರೆ ಕೆಲಸ ಸಾಲಲ್ಲೇ ಉಳಿಯುತ್ತೆ, ಆಮೇಲೆ ಮತ್ತೆ ಡಯಲ್ ಮಾಡುತ್ತೆ. ಮೈನಸ್ ಎಂ ಅಂತ ಕೊಟ್ರೆ, ಮುಗಿದ ಮೇಲೆ ಕಳಿಸಿದವನಿಗೆ ಮೇಲ್ ಹಾಕುತ್ತೆ.

ನಮ್ಮ ದೇಶದ ನೆಟ್‌ವರ್ಕಿನ ಮೊದಲ ಹೆಜ್ಜೆಗಳೂ ಇದರ ಮೇಲೇ. 1986ರಲ್ಲಿ ಶುರುವಾದ ಅರ್ನೆಟ್‌ನಲ್ಲಿ ಮುಂಬೈನ ಎನ್‌ಸಿಎಸ್‌ಟಿ, ಐದು ಐಐಟಿಗಳು, ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆ, ಇವೆಲ್ಲ ಇದ್ದವು. ಆರಂಭದಲ್ಲಿ ಮೇಲ್ ಓಡಾಡಿದ್ದು ಡಯಲ್-ಅಪ್ ಯುಯುಸಿಪಿ ಮೇಲೆ. ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್ನೆಟ್ ಕೊಟ್ಟಿದ್ದು 1995ರ ಆಗಸ್ಟ್ 15ಕ್ಕೆ. ಲೈನ್ ಯಾವಾಗ ಕಡಿಯುತ್ತೋ ಗೊತ್ತಿಲ್ಲದ ದೇಶಕ್ಕೆ ಕಾಯೋ ಸಹನೆ ಇರೋ ಟೂಲೇ ಸರಿಹೋಗ್ತಿತ್ತು. ಆದರೆ ಟಿಸಿಪಿ/ಐಪಿ ಬಂದ ಮೇಲೆ ಯುಯುಸಿಪಿ ಹಳೇದಾಯ್ತು. ಎಫ್‌ಟಿಪಿ ಎಲ್ಲಾ ಮಷೀನಲ್ಲೂ ಇತ್ತು, ಎಲ್ಲರೂ ಅದನ್ನೇ ಹಿಡಿದ್ವಿ. ಕಾಯುವ ಗುಣ, ರಸೀದಿ ಕೊಡುವ ಗುಣ ಎರಡನ್ನೂ ಅಲ್ಲೇ ಬಿಟ್ಟು ಬಂದ್ವಿ.

ಪಾಸ್‌ವರ್ಡಿನ ಕಥೆಯೂ ಇದೆ. ಎಫ್‌ಟಿಪಿಯಲ್ಲಿ ಅದು ತಂತಿ ಮೇಲೆ ಬಿಚ್ಚಿಟ್ಟ ಪತ್ರದ ಹಾಗೆ ಹೋಗ್ತಿತ್ತು. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಯಾರೋ ನೆಟ್‌ವರ್ಕಿಗೆ ಕಿವಿಗೊಟ್ಟು ಪಾಸ್‌ವರ್ಡ್ ಕದ್ದ ಮೇಲೆ, 1995ರಲ್ಲಿ ತಾತು ಇಲೋನೆನ್ ಎಸ್‌ಎಸ್‌ಎಚ್ ಬರೆದರು. ಕೀ ಇಟ್ಟುಕೊಂಡರೆ ಸ್ಕ್ರಿಪ್ಟಿನಲ್ಲಿ ಪಾಸ್‌ವರ್ಡೇ ಬೇಡ. ಅದರ ಎಸ್‌ಸಿಪಿ ಕೆಟ್ಟರೆ ಸೊನ್ನೆ ಕೊಡಲ್ಲ. ಎಸ್‌ಎಫ್‌ಟಿಪಿ ಮೈನಸ್ ಬಿ ಅಂತ ಓಡಿಸಿದ್ರೆ ಮೊದಲ ತಪ್ಪಿಗೇ ನಿಲ್ಲುತ್ತೆ. 1996ರ ಆರ್‌ಸಿಂಕ್ ಕೂಡ ಹೀಗೇ, ತಪ್ಪಾದ್ರೆ ಬಾಯಿ ಬಿಡುತ್ತೆ.

ಆದರೂ ಇವೆಲ್ಲ ಹೇಳೋದು ಬೈಟುಗಳು ಹೋದವು ಅಂತ. ಲಾರಿಯವನ ಬಿಲ್ಲಿಗೆ ಬೇಕಾಗಿದ್ದು ಆ ಕಡೆಯವರು ಓದಿದ್ರಾ ಅನ್ನೋದು. ಹಾಗಾಗಿ ಹಜೀರಾದಲ್ಲಿ ನಾನು ಎಫ್‌ಟಿಪಿ ಬಿಡಲಿಲ್ಲ, ರೀತಿ ಬದಲಾಯಿಸಿದೆ. ಫೈಲನ್ನ ಮೊದಲು ತಾತ್ಕಾಲಿಕ ಹೆಸರಲ್ಲಿ ಕಳಿಸೋದು. ಲಾಗ್‌ನಲ್ಲಿ 226 ಇದೆಯಾ ಅಂತ ಗ್ರೆಪ್ ಮಾಡಿ, ಇದ್ರೆ ಮಾತ್ರ ಅಸಲು ಹೆಸರಿಗೆ ರಿನೇಮ್. ಕೊನೇ ಸಾಲಲ್ಲಿ ಎಷ್ಟು ಲಾರಿ, ಒಟ್ಟು ಎಷ್ಟು ಟನ್ ಅಂತ ಲೆಕ್ಕ. ಮುಂಬೈ ಮಷೀನ್ ಆ ಲೆಕ್ಕ ಕೂಡಿ ನೋಡಿ, ತಾಳೆಯಾದ್ರೆ ಬೆಳಿಗ್ಗೆಯೊಳಗೆ ಒಂದು ಚಿಕ್ಕ ರಸೀದಿ ಫೈಲ್ ವಾಪಸ್ ಹಾಕಬೇಕು. ರಸೀದಿ ಬಾರದೆ ಇಲ್ಲಿ ಏನೂ ಅಳಿಸೋ ಹಾಗಿಲ್ಲ.

ಇವತ್ತು ನೀವು ಕ್ಲೌಡ್‌ನಲ್ಲಿ ಜಾಬ್ ಓಡಿಸ್ತೀರಿ, ಡ್ಯಾಶ್‌ಬೋರ್ಡಲ್ಲಿ ಹಸಿರು ಬಣ್ಣ ಬರುತ್ತೆ. ಆ ಹಸಿರು ಯಾವುದಕ್ಕೆ ಸಾಕ್ಷಿ? ಜಾಬ್ ಮುಗಿದಿದ್ದಕ್ಕಾ, ಡೇಟಾ ತಲುಪಿದ್ದಕ್ಕಾ? ನಿಮ್ಮ ಸ್ಕ್ರಿಪ್ಟಿನಲ್ಲಿ ಅಳಿಸೋ ಸಾಲು ಎಲ್ಲಿದೆ, ಅದರ ಮೇಲಿನ ಸಾಲು ಏನು ಕೇಳುತ್ತೆ, ಈ ವಾರ ಒಮ್ಮೆ ತೆಗೆದು ನೋಡಿ. ಮುಂದಿನ ಕಂತಿನಲ್ಲಿ ಕ್ರಾನ್ ಕಥೆ ಮಾತಾಡೋಣ.